ರೆಕ್ಕೆಯ ಬೆನ್ನ ಮೇಲೆ ನಡುಗುವ ಆ ಗೆರೆ

ಪ್ರಶ್ನೆ: ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ರೆಕ್ಕೆಯ ಪಕ್ಕದ ಕಿಟಕಿ ಸೀಟು ಸಿಕ್ಕಿತ್ತು. ನಡು ಮಧ್ಯಾಹ್ನದ ಬಿಸಿಲು. ರೆಕ್ಕೆಯ ಮೇಲೆ, ಬುಡದಿಂದ ತುದಿಯ ಕಡೆಗೆ, ಒಂದು ಸಣ್ಣ ಮಸುಕು ಗೆರೆ ಕಾಣುತ್ತಿತ್ತು. ಅದು ಹಿಂದೆ ಮುಂದೆ ನಡುಗುತ್ತಿತ್ತು. ಇಳಿಯಲು ಶುರುವಾದಾಗ ಮಾಯವಾಯಿತು. ಆಮೇಲೆ ರೆಕ್ಕೆಯ ಹಿಂಭಾಗ ಬಿಚ್ಚಿಕೊಂಡು ಕೆಳಗೆ ಬಾಗಿತು. ಆ ಗೆರೆ ಏನು? ವೇಗ ಬದಲಾದರೆ ರೆಕ್ಕೆಯ ಸುತ್ತ ಗಾಳಿ ಬೇರೆ ಥರ ವರ್ತಿಸುತ್ತದೆಯೇ? 2020ರ ಮೇ ತಿಂಗಳಲ್ಲಿ ಬೆಂಗಳೂರಿಗೆಲ್ಲ ಕೇಳಿಸಿದ ಆ ದೊಡ್ಡ ಸದ್ದಿಗೂ ಇದಕ್ಕೂ ಸಂಬಂಧ ಇದೆಯೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನೀವು ನೋಡಿದ್ದು ಶಾಕ್ ವೇವ್‌ನ ನೆರಳು. ಗಾಳಿಯ ಒತ್ತಡ ಒಮ್ಮೆಗೇ ಏರುವ ತೆಳು ಪದರವನ್ನು ಶಾಕ್ ವೇವ್ ಅನ್ನುತ್ತಾರೆ. ವರ್ಷಗಟ್ಟಲೆ ವಿಮಾನದಲ್ಲಿ ಓಡಾಡಿದವರು ಕೂಡ ಇದನ್ನು ಗಮನಿಸಿರುವುದಿಲ್ಲ. ನಿಮ್ಮ ಕಣ್ಣಿಗೆ ಬಿದ್ದದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ನಿಮ್ಮ ವಿಮಾನ ಶಬ್ದಕ್ಕಿಂತ ನಿಧಾನವಾಗಿಯೇ ಹೋಗುತ್ತಿತ್ತು. ಆದರೆ ಅದರ ರೆಕ್ಕೆಯ ಬೆನ್ನ ಮೇಲಿನ ಗಾಳಿ ಶಬ್ದಕ್ಕಿಂತ ಜೋರಾಗಿ ಓಡುತ್ತಿತ್ತು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ವಿಮಾನದ ವೇಗ ಬೇರೆ, ರೆಕ್ಕೆಯ ಮೇಲಿನ ಗಾಳಿಯ ವೇಗ ಬೇರೆ. ರೆಕ್ಕೆಯ ಸುತ್ತ ಏನಾಗುತ್ತದೆ ಅನ್ನುವುದನ್ನು ಈ ಎರಡನೆಯ ವೇಗವೇ ತೀರ್ಮಾನಿಸುತ್ತದೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಮೊದಲು ಶಬ್ದದ ವೇಗ ಯಾಕೆ ಮುಖ್ಯ ಅಂತ ನೋಡೋಣ. ರೆಕ್ಕೆ ತನ್ನ ಎದುರಿನ ಗಾಳಿಯನ್ನು ಒತ್ತುತ್ತದೆ. ಆ ಒತ್ತಡ ಪಕ್ಕದ ಗಾಳಿಗೆ ದಾಟುತ್ತದೆ, ಅಲ್ಲಿಂದ ಅದರ ಪಕ್ಕಕ್ಕೆ. ಹೀಗೆ ದಾಟುತ್ತಾ ಹೋಗುವ ವೇಗವೇ ಶಬ್ದದ ವೇಗ. ಜಾತ್ರೆಯಲ್ಲಿ ತೇರು ಬರುವ ಮೊದಲೇ ವಾದ್ಯದ ಸದ್ದು ಬರುತ್ತದೆ, ಜನ ಸರಿದು ದಾರಿ ಬಿಡುತ್ತಾರೆ. ಗಾಳಿಯೂ ಹಾಗೆಯೇ. ರೆಕ್ಕೆ ಬರುವ ಸುದ್ದಿ ಮುಂಚೆ ಮುಟ್ಟಿದರೆ ಮೆಲ್ಲಗೆ ಸರಿದುಕೊಳ್ಳುತ್ತದೆ. ತೇರೇ ಸದ್ದಿಗಿಂತ ಮೊದಲು ಬಂದುಬಿಟ್ಟರೆ ಸರಿಯಲು ಸಮಯ ಎಲ್ಲಿ?

ಶಬ್ದದ ವೇಗ ಎಲ್ಲ ಕಡೆ ಒಂದೇ ಅಲ್ಲ. ಅದು ಗಾಳಿ ಎಷ್ಟು ಬೆಚ್ಚಗಿದೆ ಅನ್ನುವುದರ ಮೇಲೆ ನಿಂತಿದೆ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಸೆಕೆಂಡಿಗೆ 340 ಮೀಟರ್. ಅಂದರೆ ಗಂಟೆಗೆ ಸುಮಾರು 1,225 ಕಿ.ಮೀ. ವಿಮಾನಗಳು ಓಡಾಡುವ 11 ಕಿ.ಮೀ. ಎತ್ತರದಲ್ಲಿ ಲೆಕ್ಕದ ಪ್ರಕಾರ ಮೈನಸ್ 56 ಡಿಗ್ರಿ ಚಳಿ. ಅಲ್ಲಿ ಶಬ್ದದ ವೇಗ ಸೆಕೆಂಡಿಗೆ 295 ಮೀಟರ್, ಗಂಟೆಗೆ ಸುಮಾರು 1,060 ಕಿ.ಮೀ. ವಿಮಾನದ ವೇಗವನ್ನು ಆ ಜಾಗದ ಶಬ್ದದ ವೇಗದಿಂದ ಭಾಗಿಸಿದರೆ ಸಿಗುವುದೇ ಮ್ಯಾಕ್ ಸಂಖ್ಯೆ. ಆಸ್ಟ್ರಿಯಾದ ಭೌತವಿಜ್ಞಾನಿ ಎರ್ನ್‌ಸ್ಟ್ ಮ್ಯಾಕ್ ಅವರ ಹೆಸರು ಅದಕ್ಕೆ ಬಂತು. ಹಾರುವ ಗುಂಡಿನ ಮುಂದೆ ನಿಂತ ಶಾಕ್ ವೇವ್‌ನ ಫೋಟೊ ಇರುವ ಅವರ ಪ್ರಬಂಧ 1887ರಲ್ಲಿ ಪ್ರಕಟವಾಯಿತು. ವಿಮಾನವೇ ಇಲ್ಲದ ಕಾಲ ಅದು.

ಈಗ ನಿಧಾನದ ವೇಗದಿಂದ ಶುರು ಮಾಡೋಣ. ವಿಂಡ್ ಟನಲ್, ಅಂದರೆ ಗಾಳಿ ಓಡಿಸುವ ಪರೀಕ್ಷಾ ಸುರಂಗದ ಒಳಗೆ ರೆಕ್ಕೆಯ ಮಾದರಿ ಇಟ್ಟು, ಮುಂದಿನಿಂದ ಹೊಗೆಯ ಎಳೆಗಳನ್ನು ಬಿಡುತ್ತಾರೆ. ಎಳೆಗಳು ರೆಕ್ಕೆಗೆ ಬಂದು ತಾಗಿದ ಮೇಲೆ ತಿರುಗುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಾಗುವುದಿಲ್ಲ. ರೆಕ್ಕೆ ಇನ್ನೂ ಒಂದಿಷ್ಟು ದೂರ ಇರುವಾಗಲೇ ಅವು ಮೇಲಕ್ಕೆ ಬಾಗಲು ಶುರು ಮಾಡುತ್ತವೆ. ಮುಂದಂಚಿನ ಹತ್ತಿರ ಬೇರೆಯಾಗಿ ಕೆಲವು ಮೇಲಿಂದ, ಕೆಲವು ಕೆಳಗಿಂದ ಸಾಗುತ್ತವೆ. ಹಿಂದಂಚು ದಾಟಿದ ಮೇಲೆ ಎಲ್ಲವೂ ಕೆಳಮುಖವಾಗಿ ಹೋಗುತ್ತವೆ. ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲೆ ತಳ್ಳುತ್ತದೆ. ಲಿಫ್ಟ್ ಅಂದರೆ ಇದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಲೇಬೇಕು. ರೆಕ್ಕೆಯ ಮೇಲ್ಭಾಗ ಉಬ್ಬಿದೆ, ದಾರಿ ಉದ್ದ, ಆದ್ದರಿಂದ ಕೆಳಗಿನ ಗಾಳಿಯ ಜೊತೆಗೇ ಹಿಂದಂಚು ಸೇರಲು ಮೇಲಿನ ಗಾಳಿ ಜೋರಾಗಿ ಓಡಬೇಕು. ಶಾಲೆಯಲ್ಲಿ ನಮ್ಮಲ್ಲಿ ಬಹಳ ಜನ ಇದನ್ನೇ ಓದಿದ್ದೇವೆ, ಅಲ್ವಾ? ಇದು ಸರಿಯಲ್ಲ. ಒಟ್ಟಿಗೆ ಹೊರಟ ಗಾಳಿ ಒಟ್ಟಿಗೇ ಸೇರಬೇಕು ಅಂತ ಯಾವ ನಿಯಮವೂ ಇಲ್ಲ. ಹೊಗೆಯನ್ನು ತುಂಡು ತುಂಡಾಗಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಮೇಲಿನ ತುಂಡು ಕೆಳಗಿನದಕ್ಕಿಂತ ಮೊದಲೇ ಹಿಂದಂಚು ಮುಟ್ಟಿ ಮುಂದೆ ಹೋಗಿಬಿಟ್ಟಿರುತ್ತದೆ. ಎರಡೂ ಮತ್ತೆ ಸೇರುವುದೇ ಇಲ್ಲ. ಮೇಲೆ ಗಾಳಿ ಜೋರಾಗಿ ಓಡುವುದು ನಿಜ, ಅಲ್ಲಿ ಒತ್ತಡ ಕಡಿಮೆ ಇರುವುದೂ ನಿಜ. ಆದರೆ ಕಾರಣ ದಾರಿಯ ಉದ್ದ ಅಲ್ಲ. ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಬಾಗುವಾಗ ಗಾಳಿಯಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಕಡಿಮೆ ಇರುವ ಕಡೆಗೆ ಎದುರಿನಿಂದ ಬರುವ ಗಾಳಿ ವೇಗ ಪಡೆದುಕೊಂಡು ನುಗ್ಗುತ್ತದೆ. ಉಬ್ಬೇ ಇಲ್ಲದ ಚಪ್ಪಟೆ ಹಲಗೆಯನ್ನು ಸ್ವಲ್ಪ ಓರೆ ಹಿಡಿದರೂ ಲಿಫ್ಟ್ ಬರುತ್ತದೆ. ಏರ್ ಶೋಗಳಲ್ಲಿ ವಿಮಾನ ತಲೆಕೆಳಗಾಗಿ ಹಾರುವುದು ಇದರಿಂದಲೇ ಸಾಧ್ಯ.

ಎಷ್ಟು ಒತ್ತಡದ ವ್ಯತ್ಯಾಸ ಬೇಕು? ಏರ್‌ಬಸ್ ಎ320 ಟೇಕಾಫ್ ಆಗುವಾಗ ಹೆಚ್ಚೆಂದರೆ 78 ಟನ್ ಆಸುಪಾಸು ತೂಗುತ್ತದೆ. ರೆಕ್ಕೆಯ ವಿಸ್ತೀರ್ಣ ಸುಮಾರು 122 ಚದರ ಮೀಟರ್. ಒಂದು ಚದರ ಮೀಟರ್ ರೆಕ್ಕೆ ಸುಮಾರು 640 ಕೆ.ಜಿ. ಹೊರಬೇಕು. ನೆಲದ ಮಟ್ಟದಲ್ಲಿ ವಾತಾವರಣ ಪ್ರತಿ ಚದರ ಮೀಟರ್ ಮೇಲೆ ಸುಮಾರು 10 ಟನ್ ತೂಕದಷ್ಟು ಒತ್ತುತ್ತಿರುತ್ತದೆ. ಅದರ ಮುಂದೆ 640 ಕೆ.ಜಿ. ಏನೂ ಅಲ್ಲ, ಶೇ. 6ರಷ್ಟು ಮಾತ್ರ. ಆದರೆ 11 ಕಿ.ಮೀ. ಎತ್ತರದಲ್ಲಿ ವಾತಾವರಣದ ಒತ್ತಡ 2.3 ಟನ್‌ಗೆ ಇಳಿದಿರುತ್ತದೆ. ಅಲ್ಲಿ ಅದೇ ತೂಕ ಹೊರಲು ಇರುವ ಒತ್ತಡದಲ್ಲಿ ಕಾಲು ಭಾಗದಷ್ಟು ವ್ಯತ್ಯಾಸ ಮಾಡಬೇಕು. ಈ ಕಾಲು ಭಾಗವನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಗೆರೆ ಹುಟ್ಟುವುದು ಅಲ್ಲಿಂದಲೇ.

ಅದಕ್ಕೂ ಮುಂಚೆ, ಇಳಿಯುವಾಗ ರೆಕ್ಕೆ ಬಿಚ್ಚಿಕೊಳ್ಳುವುದು ಯಾಕೆ ಅಂತ ಹೇಳಿಬಿಡುತ್ತೇನೆ. ಲಿಫ್ಟ್ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ಲಿಫ್ಟ್ ಕಾಲು ಭಾಗ. ಗಾಳಿ ದಟ್ಟವಾದಷ್ಟೂ ಲಿಫ್ಟ್ ಜಾಸ್ತಿ. ಮೇಲೆ ಗಂಟೆಗೆ 830 ಕಿ.ಮೀ. ವೇಗದಲ್ಲಿ ಹೋಗುವ ವಿಮಾನ ರನ್‌ವೇಗೆ ಬರುವಾಗ 250 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಕೆಳಗಿನ ಗಾಳಿ ಮೂರು ಪಟ್ಟಿಗೂ ಜಾಸ್ತಿ ದಟ್ಟ, ನಿಜ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಇಳಿಯುವಾಗ ರೆಕ್ಕೆ ತನ್ನ ಆಕಾರದಿಂದ ಹೆಚ್ಚುಕಡಿಮೆ ಮೂರು ಪಟ್ಟು ಕೆಲಸ ಮಾಡಿಕೊಡಬೇಕಾಗುತ್ತದೆ. ಅದಕ್ಕೇ ಹಿಂದೆ ಫ್ಲ್ಯಾಪ್ ಬಿಚ್ಚಿ ಕೆಳಗೆ ಬಾಗಿಸುತ್ತಾರೆ. ರೆಕ್ಕೆ ಅಗಲವಾಗುತ್ತದೆ, ಗಾಳಿಯನ್ನು ಇನ್ನೂ ಜಾಸ್ತಿ ಕೆಳಗೆ ತಿರುಗಿಸುತ್ತದೆ. ಮುಂದಂಚಿನಲ್ಲಿ ಸ್ಲ್ಯಾಟ್ ಅನ್ನುವ ಪಟ್ಟಿಯೂ ಮುಂದಕ್ಕೆ ಜಾರಿರುತ್ತದೆ. ಕಿಟಕಿಯಿಂದ ನೋಡಿದರೆ ಇವುಗಳ ನಡುವೆ ಉದ್ದನೆಯ ಸಂದು ಕಾಣುತ್ತದೆ. ಅದು ಬೇಕಂತಲೇ ಬಿಟ್ಟ ಸಂದು.

ಆ ಸಂದು ಯಾಕೆ ಬೇಕು ಅನ್ನಲು ಸ್ಟಾಲ್ ಅಂದರೇನು ಅಂತ ಹೇಳಬೇಕು. ರೆಕ್ಕೆಗೆ ತಾಗಿಕೊಂಡಿರುವ ಗಾಳಿ ರೆಕ್ಕೆಯ ಮೈಗೆ ಅಂಟಿಕೊಂಡಿರುತ್ತದೆ, ಅದು ಜಾರುವುದೇ ಇಲ್ಲ. ಅದರ ಮೇಲಿನದು ಸ್ವಲ್ಪ ಜಾರುತ್ತದೆ, ಅದರ ಮೇಲಿನದು ಇನ್ನೂ ಸ್ವಲ್ಪ. ಹೀಗೆ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರ್ ದಪ್ಪದ ಒಂದು ಸೋಮಾರಿ ಪದರ ಇರುತ್ತದೆ. ಇದನ್ನು ಬೌಂಡರಿ ಲೇಯರ್ ಅನ್ನುತ್ತಾರೆ. 1904ರಲ್ಲಿ ಲುಡ್ವಿಗ್ ಪ್ರಾಂಡ್ಲ್ ಇದನ್ನು ವಿವರಿಸಿದ ಮೇಲೆಯೇ ರೆಕ್ಕೆಯ ವಿಜ್ಞಾನ ನೆಟ್ಟಗೆ ನಿಂತಿದ್ದು. (ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನ ರೂಪಿಸಿದ ವಿ.ಎಂ. ಘಾಟಗೆ ಅವರು ಜರ್ಮನಿಯ ಗಟ್ಟಿಂಗನ್‌ನಲ್ಲಿ ಇದೇ ಪ್ರಾಂಡ್ಲ್ ಅವರ ಶಿಷ್ಯರಾಗಿದ್ದವರು. ಬೆಂಗಳೂರಿಗೂ ಈ ವಿದ್ಯೆಗೂ ನಂಟು ಅಷ್ಟು ಹಳೆಯದು.) ರೆಕ್ಕೆಯ ಮೂತಿಯನ್ನು ಎತ್ತುತ್ತಾ ಹೋದರೆ ಬೆನ್ನ ಮೇಲೆ ಹಿಂದಕ್ಕೆ ಹೋಗುವ ಗಾಳಿ ಕಡಿಮೆ ಒತ್ತಡದಿಂದ ಜಾಸ್ತಿ ಒತ್ತಡದ ಕಡೆಗೆ ಏರಬೇಕಾಗುತ್ತದೆ. ಈ ಸೋಮಾರಿ ಪದರಕ್ಕೆ ಅಷ್ಟು ಕಸುವು ಇರುವುದಿಲ್ಲ. ಸಾಮಾನ್ಯ ರೆಕ್ಕೆಯಲ್ಲಿ 15 ಡಿಗ್ರಿ ಆಸುಪಾಸಿನಲ್ಲಿ ಅದು ನಿಂತುಬಿಡುತ್ತದೆ, ಮೈಬಿಟ್ಟು ಏಳುತ್ತದೆ, ಬೆನ್ನ ಮೇಲೆಲ್ಲ ಸುಳಿ ತುಂಬಿಕೊಳ್ಳುತ್ತದೆ. ಲಿಫ್ಟ್ ಬಿದ್ದುಹೋಗುತ್ತದೆ. ಇದೇ ಸ್ಟಾಲ್. ಎಂಜಿನ್ ನಿಂತಿತು ಅಂತ ಅಲ್ಲ. ಸಂದಿನಿಂದ ನುಗ್ಗುವ ಗಾಳಿ ಈ ದಣಿದ ಪದರಕ್ಕೆ ಹೊಸ ಕಸುವು ಕೊಡುತ್ತದೆ. ಆಗ ಇನ್ನೂ ಜಾಸ್ತಿ ಓರೆಯಲ್ಲೂ ಗಾಳಿ ಮೈಗಂಟಿಕೊಂಡೇ ಇರುತ್ತದೆ.

ಒಂದು ವಿಷಯ ಸ್ಪಷ್ಟವಾಗಿರಲಿ. ಸ್ಟಾಲ್ ಆಗುವುದು ಓರೆ ಜಾಸ್ತಿಯಾದಾಗ. ವೇಗ ಕಡಿಮೆಯಾದಾಗ ಲಿಫ್ಟ್ ಉಳಿಸಿಕೊಳ್ಳಲು ಪೈಲಟ್ ಓರೆ ಹೆಚ್ಚಿಸಬೇಕಾಗುತ್ತದೆ, ಅದರಿಂದ ವೇಗಕ್ಕೂ ಸ್ಟಾಲ್‌ಗೂ ಸಂಬಂಧ ಬರುತ್ತದೆ. ಜೋರಾಗಿ ಹೋಗುವ ವಿಮಾನದ ಮೂತಿಯನ್ನು ಒಮ್ಮೆಗೇ ಎಳೆದರೂ ಸ್ಟಾಲ್ ಆಗಬಹುದು.

ಮ್ಯಾಕ್ 0.3ರ ತನಕ, ಅಂದರೆ ನೆಲದ ಹತ್ತಿರ ಗಂಟೆಗೆ ಸುಮಾರು 370 ಕಿ.ಮೀ. ತನಕ, ಗಾಳಿಯನ್ನು ಹೆಚ್ಚುಕಡಿಮೆ ನೀರಿನ ಥರ ಲೆಕ್ಕ ಹಾಕಬಹುದು. ಅದರ ಸಾಂದ್ರತೆ ಶೇ. 5ರಷ್ಟೂ ಬದಲಾಗುವುದಿಲ್ಲ. ಅಲ್ಲಿಂದ ಮೇಲೆ ಗಾಳಿ ಅದುಮಿಕೊಳ್ಳುವುದನ್ನೂ ಹಿಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮ್ಯಾಕ್ 0.6, 0.65ರ ತನಕ ಅದು ಸಣ್ಣ ತಿದ್ದುಪಡಿ ಅಷ್ಟೇ. ನಿಜವಾದ ಕಥೆ ಶುರುವಾಗುವುದು ಅದರ ಆಚೆ.

ಎ320 ಮ್ಯಾಕ್ 0.78ರಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ತೆಳು ಗಾಳಿಯಲ್ಲಿ ಆ ಕಾಲು ಭಾಗದ ವ್ಯತ್ಯಾಸ ತರಬೇಕಾದರೆ ರೆಕ್ಕೆಯ ಬೆನ್ನ ಮೇಲೆ ಗಾಳಿ ಮ್ಯಾಕ್ 1 ದಾಟಿ 1.2ರ ಆಸುಪಾಸಿಗೆ ಹೋಗುತ್ತದೆ. ರೆಕ್ಕೆಯ ಮುಂಭಾಗದ ಮೇಲೆ ಶಬ್ದಕ್ಕಿಂತ ವೇಗದ ಗಾಳಿಯ ಒಂದು ಗುಳ್ಳೆ ಕೂತಂತೆ ಆಗುತ್ತದೆ. ಅದರ ಸುತ್ತ ಇರುವುದೆಲ್ಲ ನಿಧಾನದ ಗಾಳಿ. ಈ ಜೋರಿನ ಗಾಳಿ ಹಿಂದಂಚು ಮುಟ್ಟುವುದರೊಳಗೆ ಮತ್ತೆ ನಿಧಾನವಾಗಲೇಬೇಕು. ಆದರೆ ಹಿಂದೆ ಒತ್ತಡ ಜಾಸ್ತಿ ಇದೆ ಅನ್ನುವ ಸುದ್ದಿ ಅದಕ್ಕೆ ಮುಂಚೆ ಸಿಗುವುದಿಲ್ಲ. ಸುದ್ದಿ ಶಬ್ದದ ವೇಗದಲ್ಲಿ ಮುಂದಕ್ಕೆ ಬರಬೇಕು, ಗಾಳಿ ಅದಕ್ಕಿಂತ ಜೋರಾಗಿ ಹಿಂದಕ್ಕೆ ಹರಿಯುತ್ತಿದೆ. ಸುದ್ದಿಗಳೆಲ್ಲ ಒಂದು ಕಡೆ ಬಂದು ಗುಡ್ಡೆ ಬೀಳುತ್ತವೆ. ಗಾಳಿ ಅಲ್ಲಿ ಒಂದೇ ಏಟಿಗೆ ನಿಧಾನವಾಗುತ್ತದೆ. ಆ ಗುಡ್ಡೆಯೇ ಶಾಕ್ ವೇವ್. ಮ್ಯಾಕ್ 1.2ರಲ್ಲಿ ಬಂದ ಗಾಳಿ ಅದನ್ನು ದಾಟಿದ ಕೂಡಲೇ ಒತ್ತಡ ಒಂದೂವರೆ ಪಟ್ಟಾಗುತ್ತದೆ, ಸಾಂದ್ರತೆ ಮೂರನೇ ಒಂದು ಭಾಗದಷ್ಟು ಏರುತ್ತದೆ. ಇದೆಲ್ಲ ಆಗುವುದು ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ದಪ್ಪದಲ್ಲಿ.

ಸಾಂದ್ರತೆ ಹೀಗೆ ಒಮ್ಮೆಗೇ ಬದಲಾದರೆ ಅದನ್ನು ದಾಟುವ ಬೆಳಕು ಸ್ವಲ್ಪ ಬಾಗುತ್ತದೆ. ಸೂರ್ಯ ಎತ್ತರದಲ್ಲಿದ್ದು ಅವನ ಬೆಳಕು ಶಾಕ್‌ನ ಉದ್ದಕ್ಕೆ ಸರಿಯಾಗಿ ಇಳಿದಾಗ ರೆಕ್ಕೆಯ ಬಿಳಿ ಮೈಮೇಲೆ ಅದರ ನೆರಳು ಬೀಳುತ್ತದೆ. ನೀವು ನೋಡಿದ ಗೆರೆ ಅದು. ಅದು ನಡುಗಿದ್ದು ಯಾಕೆಂದರೆ ಎದುರಿನ ಗಾಳಿ ಕ್ಷಣ ಕ್ಷಣಕ್ಕೂ ಚೂರು ಚೂರು ಬದಲಾಗುತ್ತಿರುತ್ತದೆ, ಶಾಕ್ ತನ್ನ ಜಾಗ ಸರಿಸಿಕೊಳ್ಳುತ್ತಿರುತ್ತದೆ. ವೇಗ ತಗ್ಗಿದಾಗ ಗುಳ್ಳೆಯೇ ಕರಗಿತು, ಗೆರೆಯೂ ಹೋಯಿತು.

ಶಾಕ್ ಮೆದುವಾಗಿದ್ದರೆ ತೊಂದರೆ ಇಲ್ಲ. ಅದು ಬಲವಾದಾಗ ಕಷ್ಟ. ಆ ಹಠಾತ್ ಒತ್ತಡವನ್ನು ಸೋಮಾರಿ ಪದರ ತಡೆದುಕೊಳ್ಳದೆ ಮೈಬಿಡುತ್ತದೆ. ನಿಧಾನದ ಸ್ಟಾಲ್‌ನಲ್ಲಿ ಆದದ್ದೇ ಇಲ್ಲೂ ಆಗುತ್ತದೆ, ಆದರೆ ಪೂರ್ತಿ ಜೋರಿನಲ್ಲಿ. ವಿಮಾನ ದಡಬಡ ಅಲುಗುತ್ತದೆ, ಡ್ರ್ಯಾಗ್ (ಗಾಳಿ ವಿಮಾನವನ್ನು ಹಿಂದಕ್ಕೆ ಎಳೆಯುವ ಬಲ) ನೆಗೆಯುತ್ತದೆ. ಬೋಯಿಂಗ್ 737ರ ರೆಕ್ಕೆಯ ಮೇಲೆ ಸಾಲಾಗಿ ನಿಂತ ಬೆರಳುದ್ದದ ಸಣ್ಣ ತಗಡುಗಳನ್ನು ನೋಡಿದ್ದೀರಾ? ಅವುಗಳ ಕೆಲಸ ಸಣ್ಣ ಸಣ್ಣ ಸುಳಿ ಎಬ್ಬಿಸಿ, ಮೇಲಿನ ಚುರುಕಾದ ಗಾಳಿಯನ್ನು ಕೆಳಗಿನ ಸೋಮಾರಿ ಪದರಕ್ಕೆ ಬೆರೆಸುವುದು. ಅಷ್ಟು ಚಿಕ್ಕ ತಗಡು ಅಷ್ಟು ದೊಡ್ಡ ಕೆಲಸ ಮಾಡುವುದು ಕಂಡರೆ ನನಗೆ ಇಂದಿಗೂ ಅಚ್ಚರಿ.

ಈ ಪಾಠವನ್ನು ಜನ ಪ್ರಾಣ ತೆತ್ತು ಕಲಿತಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಿ-38 ಯುದ್ಧವಿಮಾನ ಎತ್ತರದಿಂದ ಕಡಿದಾಗಿ ಧುಮುಕುವಾಗ ಮ್ಯಾಕ್ 0.7ರ ಹತ್ತಿರದಲ್ಲೇ ಪೈಲಟ್‌ನ ಕೈತಪ್ಪುತ್ತಿತ್ತು. ಬಾಲ ಗಡಗಡ ನಡುಗುತ್ತಿತ್ತು. ಮೂತಿ ತಾನಾಗಿಯೇ ಇನ್ನಷ್ಟು ಕೆಳಗೆ ತಿರುಗುತ್ತಿತ್ತು. ಎಷ್ಟು ಎಳೆದರೂ ಮೇಲೇಳುತ್ತಿರಲಿಲ್ಲ. ಆಗಿದ್ದು ಇಷ್ಟು: ದಪ್ಪ ರೆಕ್ಕೆಯ ಮೇಲೆ ಶಾಕ್ ಹುಟ್ಟಿ ಗಾಳಿ ಮೈಬಿಟ್ಟಿತು. ರೆಕ್ಕೆಯ ಹಿಂದೆ ಗಾಳಿ ಮೊದಲಿನಷ್ಟು ಕೆಳಗೆ ತಿರುಗಲಿಲ್ಲ. ಆ ಕೆಳಮುಖ ಗಾಳಿಯನ್ನು ನಂಬಿಕೊಂಡು ಬಾಲ ವಿಮಾನದ ಹಿಂಭಾಗವನ್ನು ಕೆಳಗೆ ಒತ್ತಿ ಹಿಡಿದಿತ್ತು, ಅದು ಸಡಿಲವಾಯಿತು. ಮೂತಿ ಬಿತ್ತು. ಮೂತಿ ಬಿದ್ದರೆ ವೇಗ ಜಾಸ್ತಿ, ವೇಗ ಜಾಸ್ತಿಯಾದರೆ ಶಾಕ್ ಇನ್ನೂ ಬಲ. ಕೆಳಗಿನ ಬೆಚ್ಚಗಿನ, ದಟ್ಟ ಗಾಳಿಗೆ ಬಂದ ಮೇಲೆ ಶಬ್ದದ ವೇಗ ಜಾಸ್ತಿಯಾಗಿ ಮ್ಯಾಕ್ ಸಂಖ್ಯೆ ಇಳಿಯುತ್ತಿತ್ತು. ನೆಲ ಇನ್ನೂ ದೂರ ಇದ್ದರೆ ಆಗ ಹಿಡಿತ ಮರಳುತ್ತಿತ್ತು. ಕೊನೆಗೆ ರೆಕ್ಕೆಯ ಅಡಿಯಲ್ಲಿ ಸಣ್ಣ ಫ್ಲ್ಯಾಪ್ ಕೂರಿಸಿ ಇದನ್ನು ಹತೋಟಿಗೆ ತಂದರು.

ಈಗಿನ ವಿಮಾನಗಳ ರೆಕ್ಕೆ ಹಿಂದಕ್ಕೆ ಬಾಗಿರುವುದು ಇದೇ ಶಾಕ್‌ನ ದೆಸೆಯಿಂದ. ಅಂದಕ್ಕೆ ಹಾಗೆ ಮಾಡಿದ್ದಲ್ಲ. ರೆಕ್ಕೆ ಓರೆಯಾಗಿದ್ದರೆ ಬರುವ ಗಾಳಿಯ ವೇಗವನ್ನು ಎರಡಾಗಿ ಬಿಡಿಸಬಹುದು. ಒಂದು ಭಾಗ ಮುಂದಂಚಿಗೆ ಅಡ್ಡಲಾಗಿ, ಇನ್ನೊಂದು ಅಂಚಿನ ಉದ್ದಕ್ಕೆ. ಶಾಕ್ ಹುಟ್ಟಿಸುವುದು ಮುಖ್ಯವಾಗಿ ಮೊದಲನೆಯದು. ಎ320ರ ರೆಕ್ಕೆ ಸುಮಾರು 25 ಡಿಗ್ರಿ ಹಿಂದಕ್ಕೆ ಬಾಗಿದೆ. ವಿಮಾನ ಮ್ಯಾಕ್ 0.78ರಲ್ಲಿದ್ದರೂ ರೆಕ್ಕೆಗೆ ಅಡ್ಡಲಾಗಿ ತಾಗುವುದು 0.71ರಷ್ಟು. 1935ರಲ್ಲಿ ರೋಮ್‌ನಲ್ಲಿ ನಡೆದ ವೋಲ್ಟಾ ಸಮ್ಮೇಳನದಲ್ಲಿ ಜರ್ಮನಿಯ ಅಡಾಲ್ಫ್ ಬುಸೆಮನ್ ಶಬ್ದ ಮೀರಿದ ಹಾರಾಟಕ್ಕೆ ಈ ಉಪಾಯ ಹೇಳಿದ್ದರು. ಜರ್ಮನಿಯ ಹೊರಗೆ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಯುದ್ಧ ಮುಗಿದು ಆ ದೇಶದ ಸಂಶೋಧನೆಯ ಕಾಗದಗಳು ಕೈಗೆ ಸಿಕ್ಕ ಮೇಲೆ ಎಲ್ಲರೂ ರೆಕ್ಕೆ ಬಾಗಿಸಿದರು. ಆಮೇಲೆ 1960ರ ದಶಕದಲ್ಲಿ ಅಮೆರಿಕದ ರಿಚರ್ಡ್ ವಿಟ್‌ಕಂಬ್ ರೆಕ್ಕೆಯ ಬೆನ್ನನ್ನು ಚಪ್ಪಟೆ ಮಾಡಿ, ಅಡಿಯಲ್ಲಿ ಹಿಂಭಾಗವನ್ನು ಒಳಕ್ಕೆ ಬಗ್ಗಿಸಿದರು. ಅದರಿಂದ ಶಾಕ್ ಮೆದುವಾಯಿತು. ಇಂದಿನ ಪ್ರಯಾಣಿಕ ವಿಮಾನಗಳ ರೆಕ್ಕೆಗಳೆಲ್ಲ ಹೆಚ್ಚುಕಡಿಮೆ ಈ ವಂಶದವು. ನೀವು ಸುಮ್ನೆ ಕಾಫಿ ಕುಡಿಯುತ್ತಾ ಆ ಶಾಕ್ ನೋಡಲು ಆದದ್ದು ಈ ಕೆಲಸದಿಂದ.

ಮೇಲಕ್ಕೆ ಹೋದಷ್ಟೂ ಎರಡೂ ಅಪಾಯಗಳು ಹತ್ತಿರ ಬರುತ್ತವೆ. ಗಾಳಿ ತೆಳುವಾದಂತೆ ಸ್ಟಾಲ್ ತಪ್ಪಿಸಲು ಇನ್ನೂ ಜೋರಾಗಿ ಹೋಗಬೇಕು. ಜೋರಾದರೆ ಶಾಕ್. ಅಮೆರಿಕದ ಯು-2 ಬೇಹುಗಾರಿಕೆ ವಿಮಾನ 21 ಕಿ.ಮೀ. ಎತ್ತರದಲ್ಲಿ ಹಾರುವಾಗ ಈ ಎರಡರ ನಡುವೆ ಉಳಿಯುವ ವೇಗದ ಅಂತರ ಗಂಟೆಗೆ 20 ಕಿ.ಮೀ. ಆಸುಪಾಸು. ಸ್ವಲ್ಪ ನಿಧಾನವಾದರೂ ಕಷ್ಟ, ಸ್ವಲ್ಪ ಜೋರಾದರೂ ಕಷ್ಟ.

ಇನ್ನು ಮ್ಯಾಕ್ 1. ಅದರ ಆಸುಪಾಸಿನಲ್ಲಿ ಬಹಳ ದಿನ ಯಾರಿಗೂ ಸರಿಯಾದ ಅಳತೆಯೇ ಸಿಗುತ್ತಿರಲಿಲ್ಲ. ವಿಂಡ್ ಟನಲ್‌ನಲ್ಲಿ ಮಾದರಿ ಇಟ್ಟು ಆ ವೇಗಕ್ಕೆ ಹೋದರೆ ಮಾದರಿಗೂ ಗೋಡೆಗೂ ನಡುವೆ ಗಾಳಿ ಕಟ್ಟಿಕೊಳ್ಳುತ್ತಿತ್ತು. ಮುಂದೆ ಗೋಡೆಗೆ ಸೀಳು ಬಿಟ್ಟು, ತೂತು ಕೊರೆದು ಇದನ್ನು ಬಗೆಹರಿಸಿದರು. ಅದಕ್ಕೂ ಮುಂಚೆ ನಿಜವಾಗಿ ಹಾರಿ ನೋಡುವುದೊಂದೇ ದಾರಿ. 1947ರ ಅಕ್ಟೋಬರ್ 14ರಂದು ಅಮೆರಿಕದ ಪೈಲಟ್ ಚಕ್ ಯೇಗರ್ ಎಕ್ಸ್-1 ರಾಕೆಟ್ ವಿಮಾನದಲ್ಲಿ ಮ್ಯಾಕ್ 1.06 ಮುಟ್ಟಿದರು. ಅದರ ಮೈ ಬಂದೂಕಿನ ಗುಂಡಿನ ಆಕಾರ, ಯಾಕೆಂದರೆ ಗುಂಡು ಆ ವೇಗದಲ್ಲಿ ನೆಟ್ಟಗೆ ಹೋಗುತ್ತದೆ ಅಂತ ಗೊತ್ತಿತ್ತು. ರೆಕ್ಕೆಯ ದಪ್ಪ ಅದರ ಅಗಲದ ಶೇ. 8, ಬಾಲದ್ದು ಶೇ. 6. ಎರಡನ್ನೂ ಬೇರೆ ಬೇರೆ ಇಟ್ಟಿದ್ದು ಎರಡಕ್ಕೂ ಒಟ್ಟಿಗೆ ಶಾಕ್ ಬಡಿಯದಿರಲಿ ಅಂತ. ಬಾಲದ ಹಿಂದಿನ ಪಟ್ಟಿ ಶಾಕ್‌ನ ಹಿಂದೆ ಸಿಕ್ಕಿ ಕೆಲಸ ನಿಲ್ಲಿಸಿದಾಗ ಯೇಗರ್ ಇಡೀ ಬಾಲದ ರೆಕ್ಕೆಯನ್ನೇ ತಿರುಗಿಸಿ ವಿಮಾನ ನಡೆಸಿದರು. ಇಂದಿನ ಯುದ್ಧವಿಮಾನಗಳಲ್ಲಿ ಬಾಲ ಇಡಿಯಾಗಿ ತಿರುಗುವುದು ಆ ಪಾಠದಿಂದ ಬಂದದ್ದು.

ಮ್ಯಾಕ್ 1ರ ಹತ್ತಿರ ರೆಕ್ಕೆಯನ್ನು ಮಾತ್ರ ನೋಡಿದರೆ ಸಾಲದು. ಗಾಳಿಗೆ ಇಡೀ ವಿಮಾನ ಒಟ್ಟಿಗೆ ಲೆಕ್ಕ. ಮೂತಿಯಿಂದ ಬಾಲದ ತನಕ ಅಡ್ಡಕೊಯ್ತದ ವಿಸ್ತೀರ್ಣ ನಯವಾಗಿ ಏರಿ ನಯವಾಗಿ ಇಳಿಯಬೇಕು ಅಂತ ವಿಟ್‌ಕಂಬ್ ತೋರಿಸಿಕೊಟ್ಟರು. ರೆಕ್ಕೆ ಸೇರುವ ಜಾಗದಲ್ಲಿ ಮೈ ಸಣ್ಣಗಾಗಬೇಕು. ಶಬ್ದ ದಾಟಲಾರದೆ ಏದುಸಿರು ಬಿಡುತ್ತಿದ್ದ ಅಮೆರಿಕದ ಎಫ್-102 ಯುದ್ಧವಿಮಾನದ ನಡು ಸಣ್ಣ ಮಾಡಿದ ಮೇಲೆ 1954ರಲ್ಲಿ ಅದು ದಾಟಿತು. ಅಂಥ ನಡು ನೋಡಬೇಕಾದರೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ, ಅಲ್ಲಿರುವ ಎಚ್‌ಎಫ್-24 ಮಾರುತ್ ವಿಮಾನದ ಪಕ್ಕಕ್ಕೆ ನಿಂತುಕೊಳ್ಳಿ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ಬೆಂಗಳೂರಿನಲ್ಲಿ ರೂಪಿಸಿದ ಈ ವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಹಿಂದಕ್ಕೆ ಚೆನ್ನಾಗಿ ಬಾಗಿದ ತೆಳು ರೆಕ್ಕೆ, ಸಣ್ಣ ನಡು. ಮ್ಯಾಕ್ 2 ಗುರಿಯಾಗಿತ್ತು. ಅದಕ್ಕೆ ಬೇಕಾದ ಬಲದ ಎಂಜಿನ್ ಸಿಗಲೇ ಇಲ್ಲ. ಮ್ಯಾಕ್ 1ರ ಆಸುಪಾಸಿನಲ್ಲೇ ಉಳಿಯಿತು. ಗಾಳಿಯ ಕಡೆಯಿಂದ ಮಾಡಬೇಕಾದ್ದನ್ನು ಆ ಜನ ಸೊಗಸಾಗಿ ಮಾಡಿದ್ದರು ಅಂತ ನಾನು ನಂಬಿದ್ದೇನೆ.

ಶಬ್ದ ದಾಟಿದ ಮೇಲೆ ಗಾಳಿಯ ನಿಯಮವೇ ಉಲ್ಟಾ ಹೊಡೆಯುತ್ತದೆ. ನಿಧಾನದಲ್ಲಿ ದಾರಿ ಕಿರಿದಾದರೆ ಗಾಳಿ ಜೋರಾಗುತ್ತದೆ, ಅಗಲವಾದರೆ ನಿಧಾನವಾಗುತ್ತದೆ. ಶಬ್ದದ ಆಚೆ ಕಿರಿದಾದರೆ ನಿಧಾನ, ಅಗಲವಾದರೆ ಜೋರು. ಯಾಕೆಂದರೆ ಆ ವೇಗದಲ್ಲಿ ಗಾಳಿ ಜೋರಾಗುವುದಕ್ಕಿಂತ ಬೇಗ ತೆಳುವಾಗುತ್ತದೆ. ತೆಳುವಾದ ಗಾಳಿಗೆ ಜಾಗ ಜಾಸ್ತಿ ಬೇಕು. ರಾಕೆಟ್‌ನ ನಳಿಕೆ ತುದಿಯಲ್ಲಿ ಗಂಟೆಯ ಹಾಗೆ ಅರಳಿರುವುದಕ್ಕೆ ಇದೇ ಕಾರಣ. ರೆಕ್ಕೆಯ ವಿಷಯದಲ್ಲಿ ಏನಾಗುತ್ತದೆ ಅಂದರೆ, ತೆಳು ಹಲಗೆಯನ್ನು ಸ್ವಲ್ಪ ಓರೆ ಹಿಡಿದರೆ ಅದರ ಅಡಿಯಲ್ಲಿ ಮುಂದಂಚಿನಿಂದಲೇ ಶಾಕ್ ಹೊರಟು ಒತ್ತಡ ಏರುತ್ತದೆ. ಬೆನ್ನ ಮೇಲೆ ಗಾಳಿ ಬೀಸಣಿಗೆಯಂತೆ ಹಿಗ್ಗಿ ಒತ್ತಡ ಇಳಿಯುತ್ತದೆ. ಮುಂದೆ ಮೆಲ್ಲಗೆ ಮೇಲೆ ಬಾಗುವುದು ಇಲ್ಲಿಲ್ಲ. ರೆಕ್ಕೆ ಮುಟ್ಟುವ ತನಕ ಗಾಳಿಗೆ ಏನೂ ಗೊತ್ತಿರುವುದಿಲ್ಲ.

ಇಂಥ ಗಾಳಿಗೆ ದುಂಡು ಮೂತಿ ಆಗದು, ಚೂಪಾಗಿರಬೇಕು. 1954ರಲ್ಲಿ ಮೊದಲು ಹಾರಿದ ಅಮೆರಿಕದ ಎಫ್-104 ಯುದ್ಧವಿಮಾನದ ರೆಕ್ಕೆಯ ಮುಂದಂಚು ಎಷ್ಟು ಚೂಪಾಗಿತ್ತೆಂದರೆ ನೆಲದ ಮೇಲೆ ನಿಂತಾಗ ಕೆಲಸಗಾರರಿಗೆ ತಾಗಿ ಗಾಯವಾಗದಿರಲಿ ಅಂತ ಅದಕ್ಕೆ ಕವಚ ಹಾಕುತ್ತಿದ್ದರು. ಆದರೆ ಅಂಥ ರೆಕ್ಕೆಗೆ ನಿಧಾನ ಹಾರಾಟ ಒಗ್ಗುವುದಿಲ್ಲ. ಎರಡನ್ನೂ ಒಂದೇ ರೆಕ್ಕೆಯಲ್ಲಿ ಸಾಧಿಸಿದ್ದು ಕಾಂಕಾರ್ಡ್ ಅನ್ನುವ ಪ್ರಯಾಣಿಕ ವಿಮಾನ. ಅದರ ತ್ರಿಕೋನದಂಥ ತೆಳು ರೆಕ್ಕೆ ಮ್ಯಾಕ್ 2ರಲ್ಲಿ ಆರಾಮಾಗಿ ಹೋಗುತ್ತಿತ್ತು. ಇಳಿಯುವಾಗ ಮೂತಿ ಎತ್ತಿಕೊಂಡು ಬರುತ್ತಿತ್ತು. ಆಗ ಮುಂದಂಚಿನಿಂದ ಗಾಳಿ ಮೈಬಿಟ್ಟು ಏಳುತ್ತಿತ್ತು, ಆದರೆ ಚೆಲ್ಲಾಪಿಲ್ಲಿಯಾಗದೆ ಎರಡು ದಪ್ಪ ಸುಳಿಗಳಾಗಿ ಸುತ್ತಿಕೊಂಡು ರೆಕ್ಕೆಯ ಬೆನ್ನ ಮೇಲೆ ಕೂರುತ್ತಿತ್ತು. ಸುಳಿಯ ಒಳಗೆ ಒತ್ತಡ ಕಡಿಮೆ, ಅದೇ ರೆಕ್ಕೆಯನ್ನು ಮೇಲೆ ಹೀರಿ ಹಿಡಿಯುತ್ತಿತ್ತು. ಬೇರೆ ರೆಕ್ಕೆಗೆ ಸ್ಟಾಲ್ ಅನ್ನಿಸುವುದು ಇದಕ್ಕೆ ಆಸರೆ. ನಮ್ಮ ತೇಜಸ್ ಯುದ್ಧವಿಮಾನದ ರೆಕ್ಕೆಯೂ ಇದೇ ಜಾತಿಯದು. ಅದರ ಮುಂದಂಚು ಒಳಗಡೆ ಕಡಿಮೆ ಓರೆ, ಹೊರಗಡೆ ಜಾಸ್ತಿ ಓರೆ. ಹಿಂದೆ ಬೇರೆ ಬಾಲದ ರೆಕ್ಕೆ ಇಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಇದು 2003ರ ಆಗಸ್ಟ್ 1ರಂದು ಶಬ್ದದ ವೇಗ ದಾಟಿತು. ಅದರ ಮಾದರಿಗಳನ್ನು ಪರೀಕ್ಷಿಸಿದ ಎನ್‌ಎಎಲ್‌ನ (ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) 1.2 ಮೀಟರ್ ಟ್ರೈಸೋನಿಕ್ ವಿಂಡ್ ಟನಲ್ 1967ರಿಂದ ಕೆಲಸ ಮಾಡುತ್ತಿದೆ. ಮ್ಯಾಕ್ 0.2ರಿಂದ 4ರ ತನಕ ಅದರಲ್ಲಿ ಗಾಳಿ ಓಡಿಸಬಹುದು. ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರೋಡ್ ಅಂತ ಬಸ್ಸಿನವರು ಕೂಗುತ್ತಾರಲ್ಲ, ಆ ಹೆಸರು ಬಂದದ್ದು ಅಲ್ಲಿಂದ.

ಹಾಗಾದರೆ ನಾವೆಲ್ಲ ಯಾಕೆ ಶಬ್ದಕ್ಕಿಂತ ಜೋರಾಗಿ ಓಡಾಡುತ್ತಿಲ್ಲ? ಶಾಕ್ ಎಬ್ಬಿಸುವುದಕ್ಕೆ ಶಕ್ತಿ ಬೇಕು, ಅದು ಇಂಧನದಿಂದಲೇ ಬರಬೇಕು. ಸಾಮಾನ್ಯ ಪ್ರಯಾಣಿಕ ವಿಮಾನಕ್ಕೆ ಲಿಫ್ಟ್ ಡ್ರ್ಯಾಗ್‌ನ 17 ಪಟ್ಟಿನ ಆಸುಪಾಸು ಸಿಗುತ್ತದೆ. ಮ್ಯಾಕ್ 2ರಲ್ಲಿ ಕಾಂಕಾರ್ಡ್‌ಗೆ ಸಿಗುತ್ತಿದ್ದದ್ದು ಏಳು ಪಟ್ಟು ಚಿಲ್ಲರೆ. ಜೊತೆಗೆ ಬಿಸಿ. ಹೊರಗೆ ಮೈನಸ್ 56 ಡಿಗ್ರಿ ಇದ್ದರೂ ಅದರ ಮೂತಿ 127 ಡಿಗ್ರಿ ತನಕ ಕಾಯುತ್ತಿತ್ತು.

ಕೊನೆಗೆ ಆ ಸದ್ದು. 2020ರ ಮೇ 20ರ ಮಧ್ಯಾಹ್ನ ಕೇಳಿಸಿದ್ದು ವಾಯುಪಡೆಯ ಪರೀಕ್ಷಾ ಹಾರಾಟದ ಸೋನಿಕ್ ಬೂಮ್, ಅಂದರೆ ಶಬ್ದ ಮೀರಿದ ವಿಮಾನದ ಶಾಕ್‌ನ ಸದ್ದು, ಅಂತ ರಕ್ಷಣಾ ಇಲಾಖೆ ತಿಳಿಸಿತು. ವಿಮಾನ ಊರಿನಿಂದ ಬಹಳ ಆಚೆ, 36,000ದಿಂದ 40,000 ಅಡಿ ಎತ್ತರದಲ್ಲಿ, ಶಬ್ದಕ್ಕಿಂತ ಜೋರಾದ ವೇಗದಿಂದ ಶಬ್ದಕ್ಕಿಂತ ನಿಧಾನದ ವೇಗಕ್ಕೆ ಬರುತ್ತಿದ್ದಾಗ ಸದ್ದು ಬಂದಿರಬಹುದು ಎಂದಿತು. ವಿಮಾನ 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಈ ಸದ್ದು ಕೇಳಿಸಬಲ್ಲದು ಎಂದೂ ಹೇಳಿತು. ಸಂಬಂಧ ಇದೆಯೇ ಅಂತ ಕೇಳಿದ್ದಿರಿ. ಇದೆ. ನಿಮ್ಮ ರೆಕ್ಕೆಯ ಮೇಲಿನ ಶಾಕ್ ಮೇಲಕ್ಕೆ ಸ್ವಲ್ಪ ದೂರ ಚಾಚಿ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಅದರ ಸುತ್ತ ನಿಧಾನದ ಗಾಳಿ ಇದೆ. ಇಡೀ ವಿಮಾನ ಶಬ್ದ ಮೀರಿದರೆ ಶಾಕ್ ನೆಲದ ತನಕ ಚಾಚಿಕೊಳ್ಳಬಹುದು. ಶಬ್ದ ದಾಟಿದ ಆ ಒಂದು ಗಳಿಗೆಯಲ್ಲಿ ಮಾತ್ರ ಬೂಮ್ ಆಗುತ್ತದೆ ಅನ್ನುವುದು ತಪ್ಪು. ವಿಮಾನ ಶಬ್ದ ಮೀರಿ ಹೋಗುವಷ್ಟು ಹೊತ್ತೂ ಈ ಶಾಕ್ ಅದರ ಜೊತೆ ನೆಲದ ಮೇಲೆ ಸಾಗುತ್ತಲೇ ಇರುತ್ತದೆ. ಯಾವ ಊರಿನ ಮೇಲೆ ಹಾಯುತ್ತದೋ ಅಲ್ಲಿಯವರಿಗೆ ಒಮ್ಮೆ ಕೇಳುತ್ತದೆ.

ಚಾಚಿಕೊಳ್ಳಬಹುದು ಅಂತ ಬರೆದದ್ದಕ್ಕೆ ಕಾರಣ ಇದೆ. ಕೆಳಗಿನ ಬೆಚ್ಚಗಿನ ಗಾಳಿಯಲ್ಲಿ ಶಬ್ದ ಜೋರಾಗಿ ಓಡುವುದರಿಂದ ಇಳಿಯುವ ಶಾಕ್ ಮೇಲಕ್ಕೆ ಬಾಗುತ್ತಾ ಹೋಗುತ್ತದೆ. ನೆಲದ ಹತ್ತಿರದ 340ನ್ನು ಮೇಲಿನ 295ರಿಂದ ಭಾಗಿಸಿ ನೋಡಿ, ಸುಮಾರು 1.15 ಬರುತ್ತದೆ. ಗಾಳಿ ಬೀಸದ ದಿನ, ಅಷ್ಟು ಎತ್ತರದಲ್ಲಿ ಮಟ್ಟಸವಾಗಿ ಹೋಗುವ ವಿಮಾನ ಮ್ಯಾಕ್ 1.1ರಲ್ಲಿದ್ದರೆ ಅದರ ಶಾಕ್ ನೆಲ ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿಬಿಡುತ್ತದೆ, ಕೆಳಗಿರುವವರಿಗೆ ಬೂಮ್ ಕೇಳುವುದೇ ಇಲ್ಲ. ಕಿಟಕಿ ಅದುರುವಷ್ಟು ಕೇಳಿಸಿತು ಅಂದರೆ ವಿಮಾನ ಅದಕ್ಕಿಂತ ಜೋರಾಗಿ ಹೋಗುತ್ತಿರಬೇಕು, ಇಲ್ಲವೇ ಮೂತಿ ಕೆಳಗೆ ಮಾಡಿ ಇಳಿಯುತ್ತಿರಬೇಕು.